ಕಂಬಗಳ ನಡುವೆ ನಿಂತ ಅತ್ತಿಗೆ

ನಮ್ಮ ಅತ್ತಿಗೆ ಒಂದು ಕಡೆ ಕೂತಿದ್ದನ್ನು ನೋಡಿದವರು ಗೋವಿಂದರಾಜನಗರದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮನೆಗೆ ಬನ್ನಿ, ಕಾಫಿ ಕೊಡುತ್ತೇನೆ. ತಮ್ಮ ಮದುವೆಯಲ್ಲೇ ಹಸೆಮಣೆಯಿಂದೆದ್ದು ಹೋಗಿ ಪುರೋಹಿತರಿಗೆ ತುಪ್ಪ ತಂದುಕೊಟ್ಟ ಮಹಾತಾಯಿ! ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಾರೆ. ಕೂತರೆ ಬಸ್ಸು ನಿಧಾನ ಆಗುತ್ತದಂತೆ. ಧಾರಾವಾಹಿಯಲ್ಲಿ ಸೊಸೆ ಅಳಲು ಶುರುಮಾಡಿದರೆ ಇವರು ತಾರಸಿ ಗುಡಿಸಲು ಹೋಗುತ್ತಾರೆ. ಗುಡಿಸಿ ಬಂದರೂ ಅವಳು ಅಳುತ್ತಲೇ ಇರುತ್ತಾಳೆ, ನಷ್ಟವೇನಿಲ್ಲ ಅನ್ನಿ.

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿದ್ದು ರಿಟೈರ್ ಆದಮೇಲಂತೂ ಕೇಳಬೇಡಿ. ನಾನು ಅವರ ಮೇಲಿನ ಮನೆಯಲ್ಲಿರುವವಳು. ಕೆಳಗೆ ಬೆಳಗಿನಿಂದ ಚಪ್ಪಲಿ ಸದ್ದು ನಿಂತಿದ್ದೇ ಇಲ್ಲ. ಅಣ್ಣ ಪಾಪ, ಪೇಪರ್ ಓದುವಾಗ ಕಾಲು ಮೇಲೆತ್ತಿಕೊಂಡೇ ಇರುತ್ತಿದ್ದ. ಯಾವಾಗ ಪೊರಕೆ ಬರುತ್ತದೋ ಯಾರಿಗೆ ಗೊತ್ತು?

ಇಂಥವರಿಗೆ ಮೂಡಲಪಾಳ್ಯದ ಮೈದಾನದಲ್ಲಿ ಆಸ್ಟ್ರೇಲಿಯಾದ ಫುಟ್‌ಬಾಲ್ ಗಂಟುಬಿತ್ತು.

ಒಬ್ಬ ಪಿ.ಟಿ. ಮೇಷ್ಟ್ರು ಎಲ್ಲೋ ಕಲಿತು ಬಂದು ಶುರುಮಾಡಿದ ಲೀಗ್ ಅದು, ನಾಲ್ಕೇ ತಂಡ. ಚೆಂಡು ಗುಂಡಗಿಲ್ಲ, ಸಾಂಬಾರ್ ಸೌತೆಯ ಹಾಗೆ ಉದ್ದ. ಪುಟಿದರೆ ಯಾವ ಕಡೆ ಹೋಗುತ್ತದೆಂದು ಚೆಂಡಿಗೇ ಗೊತ್ತಿಲ್ಲ! ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಶಾಮಿಯಾನದವರಿಂದ ತಂದ ಕಬ್ಬಿಣದ ಪೈಪುಗಳು. ನಡುವಿನ ಎರಡರ ಮಧ್ಯೆ ಒದ್ದರೆ ಆರು ಪಾಯಿಂಟ್. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ, ನಡುವಿನ ಕಂಬಕ್ಕೆ ತಗುಲಿ ಹೋದರೂ ಒಂದೇ ಪಾಯಿಂಟ್. ತಪ್ಪಿದ್ದಕ್ಕೂ ಮಾರ್ಕ್ಸು! ನಮ್ಮ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಯಾಕಿರಲಿಲ್ಲ ಈ ನಿಯಮ?

ಕಂಬದ ಹತ್ತಿರ ನಿಂತು ಆರೋ ಒಂದೋ ಹೇಳುವುದಕ್ಕೆ ಪ್ರತಿ ತಂಡವೂ ತನ್ನದೇ ಒಬ್ಬ ಅಂಪೈರನ್ನು ಕರೆತರಬೇಕು. ಮೂಡಲಪಾಳ್ಯದ ತಂಡದವರೆಲ್ಲ ಬಾಗಲಕೋಟೆ, ಗದಗದ ಕಡೆಯ ಹುಡುಗರು, ವಾರವಿಡೀ ಬೈಕಿನಲ್ಲಿ ಊಟ ಹಂಚುವವರು. ಅವರಿಗೆ ಯಾರೂ ಸಿಕ್ಕಿರಲಿಲ್ಲ. ವಾಕಿಂಗ್ ಹೋಗಿದ್ದ ಅತ್ತಿಗೆ, ಅದಕ್ಕೇನಂತೆ, ನಾನು ನಿಲ್ತೀನಿ ಅಂದುಬಿಟ್ಟರು.

ಅಂಪೈರಿಗೆ ಬಿಳಿ ಕೋಟು ಬೇಕು. ಆಸಿಡ್ ಬಿದ್ದು ತೂತಾದ ಲ್ಯಾಬ್ ಕೋಟು ಸೀರೆಯ ಮೇಲೆ ಬಂತು. ಬೀಸುವುದಕ್ಕೆ ಎರಡು ಬಿಳಿ ಬಾವುಟ ಬೇಕು, ಆರಕ್ಕೆ ಎರಡೂ, ಒಂದಕ್ಕೆ ಒಂದೇ. ಅಣ್ಣ ವಾರವೆಲ್ಲ ತನ್ನ ಪಂಚೆ ಹುಡುಕಿದ. ಭಾನುವಾರ ಮೈದಾನಕ್ಕೆ ಬಂದವನು, ಅಂಚಿನ ಸಮೇತ ಹಾರಾಡುತ್ತಿದ್ದ ಅದನ್ನು ನೋಡಿ, "ಕೇಳಿದ್ರೆ ಹಳೇದು ಕೊಡ್ತಿರ್ಲಿಲ್ವೇನೇ?" ಅಂದ.

"ಹಳೇದು ಬೆಳ್ಳಗಿರ್ಲಿಲ್ಲ," ಅಂದರು ಅತ್ತಿಗೆ.

ಆದರೆ ನನಗೆ ಅಚ್ಚರಿಯಾದದ್ದು ಪಂಚೆಯಿಂದಲ್ಲ. ಅತ್ತಿಗೆ ನಿಂತಿದ್ದರು. ಅಲ್ಲಾಡದೆ! ಚೆಂಡು ಎಲ್ಲಿದ್ದರೂ ಕಣ್ಣು ಅಲ್ಲೇ, ಕೈ ಕಟ್ಟಿ, ಆಟ ಮುಗಿಯುವವರೆಗೆ. ಮನೆಗೆ ಬಂದು ಆ ರಾತ್ರಿ ಚೆನ್ನಾಗಿ ನಿದ್ದೆಯನ್ನೂ ಮಾಡಿದರಂತೆ. ಅದರಿಂದಾಚೆ ಅವರಿಗೆ ವಾರಕ್ಕೆ ಒಂದೇ ದಿನ, ಭಾನುವಾರ.

ಹುಡುಗರು ಮಾತ್ರ ಒಂದು ಮ್ಯಾಚೂ ಗೆಲ್ಲಲಿಲ್ಲ. ಕೆಂಗೇರಿಯ ತಂಡವೊಂದು ಜಾಗಕ್ಕೆ ಕಾಯುತ್ತಿತ್ತು. ಬಾಪೂಜಿ ನಗರದ ಮೇಲಿನ ಕೊನೆಯ ಮ್ಯಾಚು ಸೋತರೆ ನಮ್ಮವರು ಲೀಗಿನಿಂದ ಹೊರಗೆ. ಅವರ ಜೊತೆ ಅತ್ತಿಗೆಯೂ ಹೊರಗೆ. ಹಿಂದಿನ ದಿನ ಅವರು ಶುದ್ಧವಾಗಿದ್ದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸಿದರು.

ಕೊನೆಯ ನಿಮಿಷ. ಮೂರು ಪಾಯಿಂಟ್ ಹಿಂದಿದ್ದೆವು. ಮಂಜ ಅನ್ನುವ ಹುಡುಗ ಒದ್ದ. ಚೆಂಡು ನಡುವಿನ ಕಂಬಗಳ ಮಧ್ಯೆಯೇ ಹಾರಿ ಹೋಯಿತು. ಆರು! ನಾನೂ ಕುಣಿದೆ, ಅಣ್ಣನೂ ಕುಣಿದ. ಅತ್ತಿಗೆ ಒಂದೇ ಬೆರಳೆತ್ತಿದರು. ಒಂದೇ ಬಾವುಟ ಬೀಸಿದರು.

ಚೆಂಡು ಕಂಬ ಸವರ್ಕೊಂಡು ಹೋಯ್ತು, ಸದ್ದು ಕೇಳಿಸ್ತು ಅಂದರು. ಬೇರೆ ಯಾರಿಗೂ ಕೇಳಿಸಿರಲಿಲ್ಲ. ಮೇಷ್ಟ್ರು ಓಡಿ ಬಂದು, ಕಂಬದ ಹತ್ತಿರ ನಿಂತವರ ಮಾತೇ ಕೊನೆ ಅಂದರು. ಹುಡುಗರು ಸುತ್ತುವರಿದು ಕೂಗಾಡಿದರು. ಕಂಬದ ಪಕ್ಕದಲ್ಲೇ ಆಡುತ್ತಿದ್ದ ಕ್ಯಾಪ್ಟನ್ ಈರಣ್ಣನದೇ ದೊಡ್ಡ ಗಂಟಲು: "ನಮ್ಮವರಾಗಿ ನಮಗ ಹಿಂಗ ಮಾಡೂದೇನ್ರಿ ಆಂಟಿ?"

ಎರಡು ಪಾಯಿಂಟಿನಿಂದ ಸೋತೆವು. ಅತ್ತಿಗೆ ಬಾವುಟ ಸುತ್ತಿಕೊಂಡು ಮನೆಗೆ ಬಂದರು.

ಮುಂದಿನ ಭಾನುವಾರ ಅವರು ತೊಳೆಯದ ವಸ್ತುವೇ ಮನೆಯಲ್ಲಿ ಉಳಿಯಲಿಲ್ಲ. ಫ್ಯಾನಿನ ರೆಕ್ಕೆ ಬಿಚ್ಚಿ ಉಜ್ಜುತ್ತಿದ್ದಾಗ ಗೇಟಿನ ಹತ್ತಿರ ಬೈಕು ನಿಂತಿತು. ಈರಣ್ಣ. ನಾನು ಜಗಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನೆಲ ನೋಡುತ್ತಾ ಹೇಳಿದ:

"ಅವತ್ತ ನನಗೂ ಕೇಳಿಸಿತ್ರೀ ಆಂಟಿ. ಠಿಣ್ ಅಂತು."

ಅತ್ತಿಗೆ ಕೈ ಒರೆಸಿಕೊಂಡರು. "ಗೊತ್ತು ಕಣೋ. ನಿನ್ನ ಮುಖ ನೋಡಿದ್ದೆ."

"ಎಲ್ಲಾರೂ ನಿಮ್ಮನ್ನ ಬೈಯಾಕ ಹತ್ಯಾರ. ಇವತ್ತ ಹೋಗಿ ಅವರಿಗೆ ಖರೇ ಹೇಳಿಬಿಡ್ತೀನ್ರಿ."

"ಬೇಡ," ಅಂದರು ಅತ್ತಿಗೆ. "ಅಷ್ಟು ದೂರದಿಂದ ಬಂದಿರೋ ಮಕ್ಕಳು. ಒಂದು ಸಲ ಗೆದ್ದಿದ್ವಿ, ಈ ಮುದುಕಿ ಕೆಡಿಸಿದ್ಳು ಅಂತಾನೇ ಅಂದ್ಕೊಂಡಿರ್ಲಿ ಬಿಡು."