ಮರುಳಸಿದ್ದಯ್ಯನ ಕಣ್ಣಾಮುಚ್ಚಾಲೆ

"ಇನ್ನೊಂದು ವಾರದಲ್ಲಿ ನಾನು ಎಂಟು ವರ್ಷದ ಹುಡುಗ ಆಗ್ತೀನಿ, ನೋಡ್ತಾ ಇರು!"

ನೊಣವಿನಕೆರೆ ಹತ್ತಿರದ ಹಳ್ಳಿಯೊಂದರಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದ ಮರುಳಸಿದ್ದಯ್ಯ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ರೇಡಿಯೋ ಪಕ್ಕ ಎದೆಯುಬ್ಬಿಸಿ ನಿಂತು ಹೆಂಡತಿಗೆ ಹೀಗೊಂದು ರಾಜಾಜ್ಞೆ ಹೊರಡಿಸಿದ. ದೊಡ್ಡವರೂ ಆಗಾಗ ಮಕ್ಕಳಾಟ ಆಡಿದರೆ ಮನಸ್ಸಿನ ಭಾರ ಇಳಿಯುತ್ತದೆ ಎಂದು ಯಾರೋ ಡಾಕ್ಟರು ರೇಡಿಯೋದಲ್ಲಿ ಆಗಷ್ಟೇ ಹೇಳಿ ಮುಗಿಸಿದ್ದರು.

ಹೊಂಬಾಳಮ್ಮ ಮೊರದಿಂದ ತಲೆ ಎತ್ತಲಿಲ್ಲ. "ಹಲ್ಲು ಉದುರೋದ್ರಲ್ಲಿ ಆಗ್ಲೇ ಎಂಟು ವರ್ಷದೋರಾಗಿದ್ದೀರಿ. ಮಿಕ್ಕಿದ್ದೂ ಆಗೋಗ್ಲಿ ಬುಡಿ."

ಇಳಿಸಿಕೊಳ್ಳಲು ಭಾರವಂತೂ ಇತ್ತು. ಎರಡು ವರ್ಷದ ಹಿಂದೆ, ಬಾವಿ ನೀರಿನ ಸರದಿಗೆ ಶುರುವಾದ ಮಾತು ಬೆಳೆದು, ಅಣ್ಣ ನಂಜುಂಡಪ್ಪನೂ ಅವನೂ ಭಾಗವಾಗಿದ್ದರು. ಒಂದೇ ಮನೆಯ ನಡುವೆ ಗೋಡೆ ಎದ್ದಿತು. ಅಣ್ಣನ ಮೂರು ಮಕ್ಕಳ ಗಲಾಟೆ ಗೋಡೆಯಾಚೆ ಹೋಯಿತು. ಮಕ್ಕಳಿಲ್ಲದ ಮರುಳಸಿದ್ದಯ್ಯನ ಪಾಲಿಗೆ ಬಂದದ್ದು ಅರ್ಧ ತೋಟ, ಅರ್ಧ ಮನೆ, ಪೂರ್ತಿ ಮೌನ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಒಂದು ಮಾತಿಲ್ಲ; ಮನೆಯೊಳಗೂ ಮರುಳಸಿದ್ದಯ್ಯ ಬಾಯಿ ಬಿಡುವುದು ಅಪರೂಪವಾಗಿತ್ತು.

ಸೋಮವಾರ ಬುಗುರಿ ಆಡಿಸಿದ. ಬುಗುರಿ ಹಾರಿ ಮಜ್ಜಿಗೆ ಗಡಿಗೆ ಎರಡು ಹೋಳು! ಬುಧವಾರ ಕುಂಟಾಬಿಲ್ಲೆ ಆಡಲು ಹೋಗಿ ಸೊಂಟ ಉಳುಕಿತು. ಮನಸ್ಸಿನ ಭಾರ ಮಾತ್ರ ಇದ್ದಲ್ಲೇ ಇತ್ತು.

ಶುಕ್ರವಾರ ಮಧ್ಯಾಹ್ನಕ್ಕೆ ಕಣ್ಣಾಮುಚ್ಚಾಲೆಯ ಮಹಾಸಂಗ್ರಾಮ ಗೊತ್ತಾಯಿತು.

"ನೂರರವರೆಗೆ ಎಣಿಸ್ಬೇಕು. ಬೆರಳ ಸಂದೀಲಿ ನೋಡಂಗಿಲ್ಲ!"

"ನಿಮ್ಮನ್ನ ನೋಡೋಕೆ ಬೆರಳ ಸಂದಿ ಬೇರೆ ಕೇಡು! ಹೋಗಿ, ಬಚ್ಚಿಟ್ಕಳಿ."

ಅವಳು ಕಂಬಕ್ಕೆ ಮುಖ ಕೊಟ್ಟು ಎಣಿಸತೊಡಗಿದಳು. ಮರುಳಸಿದ್ದಯ್ಯ ಸದ್ದಿಲ್ಲದೆ ಏಣಿ ಹತ್ತಿ ಅಟ್ಟ ಸೇರಿದ. ಕೊಬ್ಬರಿಯಾಗಲೆಂದು ಒಣಗಲು ಬಿಟ್ಟ ಕಾಯಿ ಅಟ್ಟದ ತುಂಬ ರಾಶಿ ಬಿದ್ದಿತ್ತು. ಕೆಳಗಿನ ಗೋಡೆ ಅಟ್ಟದವರೆಗೆ ಬಂದು ನಿಂತಿತ್ತು. ಅದರ ಮೇಲೆ ಎರಡು ಪಾಲಿನ ನಡುವೆ ಇದ್ದದ್ದು ಒಂದು ಹಳೆಯ ಸೋಗೆ ತಡಿಕೆ ಮಾತ್ರ. ಅದರ ಬುಡದಲ್ಲಿ ಮುದುರಿ ಮಲಗಿ ಮೈಮೇಲೆ ಕಾಯಿ ಪೇರಿಸಿಕೊಂಡ. ಚಿಕ್ಕಂದಿನಲ್ಲಿ ಇಲ್ಲೇ ಅಡಗುತ್ತಿದ್ದ. ಆಗ ಹುಡುಕಿಕೊಂಡು ಬರುತ್ತಿದ್ದವನು ಅಣ್ಣ.

"ಇಪ್ಪತ್ತೆರಡು... ಇಪ್ಪತ್ತಮೂರು..." ಎಂದ ಹೊಂಬಾಳಮ್ಮನ ದನಿ ಅಲ್ಲಿಗೇ ನಿಂತಿತು.

ಮೊದಮೊದಲು ಮರುಳಸಿದ್ದಯ್ಯನಿಗೆ ಹೆಮ್ಮೆಯೋ ಹೆಮ್ಮೆ. ಪೊಲೀಸಿನವರು ಬಂದರೂ ತನ್ನನ್ನು ಹಿಡಿಯಲಾರರು! ಅರ್ಧ ಗಂಟೆ ಕಳೆಯಿತು. ಬೆವರು ಹರಿಯಿತು, ಧೂಳು ಮೂಗಿಗೇರಿತು. ಹೆಜ್ಜೆ ಸದ್ದು, ಬಾಗಿಲ ಕಿರ್ರು, ಒಂದೂ ಇಲ್ಲ. ಆಗ ಅವನಿಗೆ ಹೊಳೆಯಿತು: ತನ್ನನ್ನು ಯಾರೂ ಹುಡುಕುತ್ತಲೇ ಇಲ್ಲ.

ಅಷ್ಟರಲ್ಲಿ ಕಾಲು ಜೋಮು ಹಿಡಿಯಿತು. ಜಾಡಿಸಿ ಚಾಚಿದ. ಕಾಲು ತಡಿಕೆಯ ಕೆಳಗೆ ನುಗ್ಗಿ ಅಣ್ಣನ ಪಾಲಿಗೆ ಹೋಯಿತು. ಅಲ್ಲಿ ಅಟ್ಟಕ್ಕೆ ಹಾಸಿದ್ದ, ಗೆದ್ದಲು ತಿಂದ ಅಡಕೆ ದಬ್ಬೆ ಲಟಕ್ಕನೆ ಮುರಿಯಿತು! ತೊಡೆಯವರೆಗೂ ಕಾಲು ಕೆಳಕ್ಕಿಳಿಯಿತು. ಹಿಂದೆಯೇ ನಾಲ್ಕಾರು ಕಾಯಿ ದಡದಡ ಉರುಳಿದವು.

"ಅಯ್ಯಯ್ಯೋ, ಅಟ್ಟದಿಂದ ಕಾಲು! ಕಳ್ಳ ಕಣ್ರೀ, ಕಳ್ಳ!" ಕೆಳಗೆ ಅತ್ತಿಗೆ ದ್ರಾಕ್ಷಾಯಣಮ್ಮ ಚೀರಿದಳು.

ಅಣ್ಣ ಉಣ್ಣುವುದು ಬಿಟ್ಟು ಎದ್ದು ಬಂದ. ಕತ್ತೆತ್ತಿ ಆ ಕಾಲನ್ನೇ ನೋಡಿದ. ಆಮೇಲೆ, "ಕಳ್ಳ ಅಲ್ಲ ಕಣೇ, ನಮ್ಮ ಮರುಳನ ಕಾಲು. ಅರ್ಧ ಭಾಗ ತಗೊಂಡಿದ್ದು ಸಾಲ್ದೂಂತ, ಈಗ ಕಾಲು ಭಾಗಕ್ಕೂ ಬಂದವ್ನೆ!"

ಮಕ್ಕಳು ಕಿಸಕ್ಕನೆ ನಕ್ಕರು. "ಚಿಕ್ಕಪ್ಪನ ಕಾಲು!" ಎಂದು ಯಾವುದೋ ಕೂಸು ಹೆಬ್ಬೆರಳು ಹಿಡಿದು ಜಗ್ಗಿತು. ಮೇಲೆ ಸಿಕ್ಕಿಕೊಂಡಿದ್ದ ಮರುಳಸಿದ್ದಯ್ಯನಿಗೂ ನಗು ಬಂತು; ಜೊತೆಗೇ ಕಣ್ಣು ಮಂಜಾಯಿತು.

ಮತ್ತೆ ಅಣ್ಣನ ದನಿ. ಅವನಿಗಲ್ಲ, ಹೆಂಡತಿಗೆ ಹೇಳಿದ್ದು. "ಆ ಕಾಲಿಗೆ ಹೇಳು. ಬರೋದಾದ್ರೆ ಪೂರ್ತಿ ಬರ್ಲಿ. ಇಲ್ದಿದ್ರೆ ಎಳ್ಕೊಂಡೋಗ್ಲಿ."

"ಅಣ್ಣಾ, ಬತ್ತೀನಿ." ಎರಡೇ ಮಾತು. ಮನಸ್ಸಿನಲ್ಲೇ ಅಂದುಕೊಂಡ, ಬಾಯಿ ಬಿಟ್ಟು ಹೇಳಲಾಗಲಿಲ್ಲ. ನಾಚಿಕೆಯೋ, ಎರಡು ವರ್ಷದ ಹಟವೋ, ಅವನಿಗೇ ತಿಳಿಯಲಿಲ್ಲ. ಅದನ್ನು ಹೊರಕ್ಕೆ ತರಲು ಒದ್ದಾಡುತ್ತಿರುವಾಗಲೇ ಕೆಳಗಿನಿಂದ ಒಂದು ಕೈ ಅವನ ಪಾದ ಹಿಡಿಯಿತು. ಒಂದು ಗಳಿಗೆ ಹಾಗೇ ಹಿಡಿದಿತ್ತು. ಆಮೇಲೆ ಮೇಲಕ್ಕೆ ನೂಕಿತು.

ಸಂಜೆ ಹೊಂಬಾಳಮ್ಮ ತರಚಿದ ಕಾಲಿಗೆ ಅರಿಶಿನ ಹಚ್ಚುತ್ತಿದ್ದಳು. ಗೋಡೆಯಾಚೆ ಅಣ್ಣ ಅಟ್ಟದ ತೂತಿಗೆ ತಗಡು ಬಡಿಯುತ್ತಿದ್ದ. ಒಂದೊಂದು ಏಟಿಗೂ ಮರುಳಸಿದ್ದಯ್ಯನ ಮುಖ ಇನ್ನಷ್ಟು ಇಳಿಯುತ್ತಿತ್ತು. ಸಿಟ್ಟು ತೀರಿಸಿಕೊಳ್ಳಲು ಎದುರಿಗಿದ್ದವಳು ಹೆಂಡತಿಯೊಬ್ಬಳೇ.

"ಇಪ್ಪತ್ತಮೂರಕ್ಕೇ ಎಣಿಸೋದು ನಿಲ್ಲಿಸ್ಬುಟ್ಟೆಯಲ್ಲ, ಎಲ್ಲೋಗಿದ್ದೆ?"

"ಪಕ್ಕದ ಮನೆ ತಿಮ್ಮಕ್ಕನ ಕರ ಹಗ್ಗ ಕಿತ್ಕೊಂಡು ಓಡ್ತು. ಹಿಡಿಯೋಕೋದೆ."

"ವಾಪಸ್ ಬಂದ್ಮೇಲಾದ್ರೂ ಹುಡುಕ್ಬಾರ್ದಾ? ಮನೇಲಿ ಗಂಡ ಕಾಣ್ತಿಲ್ಲ ಅಂತ ಗೊತ್ತಾಗ್ಲಿಲ್ವೇನೇ?"

ಹೊಂಬಾಳಮ್ಮನ ಅರಿಶಿನದ ಕೈ ನಿಂತಿತು.

"ಬಂದು ಹೊಸ್ತಿಲಲ್ಲೇ ನಿಂತು ನೋಡಿದೆ ಕಣ್ರೀ. ಮನೇಲಿ ಎಂದಿನಂಗೇ ಒಂದು ಮಾತಿಲ್ಲ, ಒಂದು ಸದ್ದಿಲ್ಲ. ಸದ್ಯ, ಯಜಮಾನ್ರು ಮನೇಲೇ ಅವ್ರೆ ಅಂದ್ಕೊಂಡೆ!"