ಎಮ್ಮೆಗೆ ಬೇಕಾದ ಇಂಗ್ಲಿಷ್

ನನಗೆ ಇಂಗ್ಲಿಷ್ ಬೇಕಾಗಿರಲಿಲ್ಲ. ನಮ್ಮ ಎಮ್ಮೆಗೆ ಬೇಕಾಗಿತ್ತು.

ನಮ್ಮ ಯಜಮಾನರು ನಮ್ಮೂರು ಆವತಿಯಿಂದ ಸೈಕಲ್ಲು ತುಳಿದು ಹೋಗಿ ದೇವನಹಳ್ಳಿಯ ಕಚೇರಿಯಲ್ಲಿ ಜವಾನರಾಗಿದ್ದರು. ಗುಮಾಸ್ತರಾಗುವ ಆಸೆ. ಅದಕ್ಕೆ ದೊಡ್ಡ ದೊಡ್ಡ ಇಂಗ್ಲಿಷ್ ಪದ ಬೇಕಂತೆ. ಹಾಲು ಕರೆಯುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಎಮ್ಮೆಯ ಹೊಟ್ಟೆಗೆ ಹಣೆಯೂರಿ, ‘ಮ್ಯಾಗ್ನಿಫಿಸೆಂಟ್, ಎಕ್ಸ್‌ಟ್ರಾರ್ಡಿನರಿ’ ಎಂದು ಉರು ಹೊಡೆಯುತ್ತಿದ್ದರು. ನಾನು ಒಲೆಯ ಮುಂದಿನಿಂದ, ‘ಸೌದೆ ಒಡೆದಿಲ್ಲ, ಸೂರು ಸೋರ್ತದೆ, ಇವರಿಗೆ ಇಂಗ್ಲಿಷು!’ ಎಂದರೆ, ‘ನೆವರ್‌ದಿಲೆಸ್’ ಎನ್ನುತ್ತಿದ್ದರು. (ಹಾಗೆಂದರೇನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.)

ಸಂಕ್ರಾಂತಿ ಕಳೆದ ಮೇಲೆ ಅವರು ತೀರಿಹೋಗಿಬಿಟ್ಟರು. ನನ್ನ ಬಾಯಿ ನಿಂತಿತು. ಎಮ್ಮೆಯ ಹಾಲೂ ನಿಂತಿತು. ಕರು ಬಿಟ್ಟೆ, ಹಿಂಡಿ ಇಟ್ಟೆ, ಒದ್ದಿತು. ಹೋಟೆಲಿಗೆ ಹಾಲು ಹಾಕದಿದ್ದರೆ ನನ್ನ ಒಲೆ ಹೊತ್ತುವುದಿಲ್ಲ. ಮೈದುನ ಬೈಲಪ್ಪ, ‘ಸಂತೆಗೆ ಹೊಡ್ಕೊಂಡೋಗಿ ಮಾರ್ಬಿಡ್ತೀನಿ ಅತ್ತಿಗೆ’ ಎಂದ. ಅವರು ಹಣೆಯೂರಿದ ಎಮ್ಮೆ. ಹೇಗೆ ಕೊಡಲಿ?

ಆಗ ಹೊಳೆಯಿತು. ಅದಕ್ಕೆ ಇಂಗ್ಲಿಷ್ ಅಭ್ಯಾಸವಾಗಿದೆ!

ಆದಿನಾರಾಯಣಪ್ಪ ಮೇಷ್ಟರ ಬಳಿ ಹೋದೆ.

‘ಸ್ವಾಮಿ, ಒಂದಷ್ಟು ದೊಡ್ಡ ಇಂಗ್ಲಿಷ್ ಹೇಳ್ಕೊಡಿ.’

‘ಮೊದ್ಲು ಎ ಬಿ ಸಿ ಕಲೀಬೇಕಮ್ಮ.’

‘ಎಮ್ಮೆ ಅದನ್ನೆಲ್ಲ ದಾಟೈತೆ ಸ್ವಾಮಿ.’

‘ಅರ್ಥ ಆದ್ರೂ ಬೇಡ್ವಾ?’

‘ಅದ್ಕೆ ಗೊತ್ತಿದ್ರೆ ಸಾಕು.’

ನಾಳೆ ಸಂತೆ ಎನ್ನುವ ಬೆಳಿಗ್ಗೆ ಯಜಮಾನರ ಕೋಟು ತೊಟ್ಟು ಕೂತೆ. ಹಣೆಯೂರಿ, ‘ಮ್ಯಾಗ್ನಿಪಿಸಂಟು’ ಎಂದೆ. ಎಮ್ಮೆ ತಿರುಗಿ ನೋಡಿತು. ‘ಎಕ್ಸ್‌ಟ್ರಾಡಿನರಿ’ ಎಂದೆ. ಒದ್ದ ಏಟಿಗೆ ತಂಬಿಗೆ ಆ ಕಡೆ, ನಾನು ಸಗಣಿಯಲ್ಲಿ.

ಸಿಟ್ಟು ನೆತ್ತಿಗೇರಿತು. ಎಮ್ಮೆಯ ಮೇಲಲ್ಲ.

‘ನಿಮ್ಮ ಇಂಗ್ಲಿಷಿಗೆ ಬೆಂಕಿ ಹಾಕ! ಸೌದೆ ಒಡೀಲಿಲ್ಲ, ಸೂರು ಹೊದಿಸ್ಲಿಲ್ಲ, ಈ ಮೂದೇವೀನ ನನ್ನ ಕೊರಳಿಗೆ ಕಟ್ಟಿ ಹಾಯಾಗಿ ಹೋಗ್ಬಿಟ್ರಲ್ಲ!’

ಅಳುತ್ತಾ ಬಯ್ದೆ, ಬಯ್ಯುತ್ತಾ ಅತ್ತೆ. ಎಮ್ಮೆ ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. ಕೆಚ್ಚಲಿಗೆ ಕೈ ಹಾಕಿದೆ. ಹಾಲು ಜೊರ್ರೆಂದು ಬಂತು.

ಪಕ್ಕದ ಮನೆಯ ಸಪ್ಪಲಮ್ಮ ಗೋಡೆಯ ಮೇಲಿಂದ ತಲೆ ಹಾಕಿ, ‘ಇಂಗ್ಲಿಷೂ ಇಲ್ಲ ಗಿಂಗ್ಲಿಷೂ ಇಲ್ಲ ಕಣಕ್ಕ. ಅದಕ್ಕೆ ನಿನ್ನ ಬೈಗುಳ ಕೇಳಿ ಅಭ್ಯಾಸ’ ಎಂದಳು.

ಬೈಲಪ್ಪ ಬರಿಗೈಯಲ್ಲಿ ಸಂತೆಗೆ ಹೋದ. ಈಗ ದಿನಾ ಬೆಳಿಗ್ಗೆ ಕೊಟ್ಟಿಗೆಯಲ್ಲಿ ನನ್ನ ಪಾರಾಯಣ. ‘ಸತ್ತೋರ್ನೂ ಬಿಡ್ಲಿಲ್ಲ ಈ ಹೆಂಗ್ಸು’ ಎಂದು ಬೀದಿಯವರು ನಗುತ್ತಾರೆ. ನಗಲಿ. ಬಯ್ದು ಸಾಕಾಗಿ ಉಸಿರು ತೆಗೆದುಕೊಳ್ಳುವಾಗ ಕೊಟ್ಟಿಗೆ ತೀರಾ ಸುಮ್ಮನಾಗುತ್ತದೆ. ಎಮ್ಮೆ ಕಿವಿ ನಿಮಿರಿಸಿ ಕಾಯುತ್ತದೆ. ಬೇರೆ ಯಾರೂ ಇಲ್ಲವಲ್ಲ, ನಾನೇ ಹೇಳುತ್ತೇನೆ:

‘ನೆವರ್‌ದಿಲೆಸ್.’