ಕಬ್ಬಿಣ ಎತ್ತಿದವಳ ಕಷ್ಟಸುಖ

ಭಾರ ಎತ್ತುವ ಹೆಂಗಸನ್ನು ಕಂಡರೆ ನಮ್ಮ ಜನಕ್ಕೆ ಏನಾಗುತ್ತದೋ ಗೊತ್ತಿಲ್ಲ. ನಾನು ಸ್ಪರ್ಧೆ ಬಿಟ್ಟು ವರ್ಷಗಳಾದರೂ ಇಂಥ ಪ್ರಸಂಗಗಳು ಮಾತ್ರ ನನ್ನನ್ನು ಬಿಟ್ಟಿಲ್ಲ. ಮೊನ್ನೆ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಿರಿಯರೊಬ್ಬರು ಗುರುತು ಹಿಡಿದು, "ವೇಯ್ಟ್ ಲಿಫ್ಟಿಂಗ್ ಚಾಂಪಿಯನ್ ಮೇಡಂ ನೀವೇ ಅಲ್ವರಾ?" ಅಂದರು. ಹೌದು ಅಂದೆ. ಪಕ್ಕದಲ್ಲಿದ್ದ ಎರಡು ಮೂಟೆ ಗೊಬ್ಬರ ತೋರಿಸಿ, "ಬಸ್ ಬಂದೇಟ್ಗೆ ಇವ್ನ ವಸಿ ಟಾಪಿಗ್ ಆಕ್ಬುಡಿ" ಅಂದರು. ಚಾಂಪಿಯನ್‌ಗೆ ನಮ್ಮ ಸೀಮೆಯಲ್ಲಿ ಸಿಗುವ ಮರ್ಯಾದೆ ಇಷ್ಟು.

ನಾನು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯವಳು. ಈಗ ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಆಗ ನಮ್ಮ ಮನೆಯಲ್ಲಿ ಹೊಗೆಸೊಪ್ಪು, ರಾಗಿ, ನಾಲ್ಕು ಎಮ್ಮೆ, ಇದೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮದುವೆಯ ಚಿಂತೆ ಇತ್ತು. ಅಪ್ಪನದು ಒಂದೇ ಹಟ, ನಾನು ಕಬ್ಬಿಣ ಬಿಟ್ಟು ಗಂಡನ ಮನೆ ಸೇರಬೇಕು. ನನ್ನದೂ ಒಂದೇ ಹಟ, ಬಿಡುವುದಿಲ್ಲ.

ಗರಡಿ ಬಾಗಿಲು

ಆಗ ನಮಗೆ ಗೊತ್ತಿದ್ದ ಹಾಗೆ ಹುಣಸೂರಿಗೆಲ್ಲ ಇದ್ದದ್ದು ಒಂದೇ ಬಾರ್‌ಬೆಲ್. ಅದೂ ಗಂಡಸರ ಗರಡಿಯೊಳಗೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಪಿ.ಟಿ. ಮೇಡಂ ನನ್ನ ಕೈ ಹಿಡಿದುಕೊಂಡು ಆ ಬಾಗಿಲಿಗೆ ಹೋಗಿ ನಿಂತರು. ಗರಡಿಯ ಯಜಮಾನರು ಅಡ್ಡ ನಿಂತರು.

"ಎಣ್ಮಕ್ಕಳು ಈ ಮಣ್ಣು ತುಳಿಯಂಗಿಲ್ಲ ಕಣವ್ವ. ಒಳಗಡೆ ಆಂಜನೇಯಸ್ವಾಮಿ ಅವ್ನೆ, ಬ್ರಹ್ಮಚಾರಿ."

"ನಾವು ಒಳಗೆ ಬರಲ್ಲ ಯಜಮಾನ್ರೇ, ಕಬ್ಬಿಣ ಹೊರಗೆ ಬರಲಿ. ಅದೇನು ಬ್ರಹ್ಮಚಾರಿ ಅಲ್ವಲ್ಲ?" ಅಂದರು ಮೇಡಂ.

ಯಜಮಾನರಿಗೆ ನಗು ಬಂತು. ಬಾರ್‌ಬೆಲ್ ಹೊಸ್ತಿಲಾಚೆ ಇಡಿಸಿ, "ಐವತ್ತು ಕೆಜಿ ಐತೆ. ನಿಮ್ ಉಡುಗಿ ಒಬ್ಳೇ ಒತ್ಕಂಡ್ ಓದ್ರೆ ಇಟ್ಕಳಿ" ಅಂದರು.

ನಾನು ಅದನ್ನು ಎತ್ತಿ ಹೆಗಲಿಗಿಟ್ಟುಕೊಂಡು ಪೇಟೆ ಬೀದಿಯಲ್ಲೇ ನಡೆದೆ. ಮಧ್ಯೆ ಎರಡು ಕಡೆ ಇಳಿಸಿ ಸುಧಾರಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಸ್ಕೂಲು ಮುಟ್ಟಿಸಿದೆ.

ವಾರದೊಳಗೆ ಯಜಮಾನರಿಂದ ಹೇಳಿಕೆ ಬಂತು: ಪೈಲ್ವಾನರಿಗೆ ಎತ್ತಲು ಏನೂ ಇಲ್ಲ, ದಯವಿಟ್ಟು ವಾಪಸ್ ಕೊಡಿ. "ಕೊಡ್ತೀವಿ. ನಮ್ಮ ಹುಡುಗಿ ತಂದ ಹಾಗೇ ಒಬ್ಬರು ಬಂದು ಹೊತ್ಕೊಂಡು ಹೋಗಲಿ" ಎಂದು ಮೇಡಂ ಹೇಳಿ ಕಳಿಸಿದರು. ಮಾರನೆಯ ದಿನ ನಾಲ್ಕು ಜನ ಪೈಲ್ವಾನರು ಎತ್ತಿನ ಗಾಡಿ ಹೊಡೆದುಕೊಂಡು ಬಂದರು. ನಾನು ಗಾಡಿಯನ್ನೊಮ್ಮೆ ನೋಡಿದೆ ಅಷ್ಟೆ. ಅವರಲ್ಲಿ ದೊಡ್ಡವನು, "ಅಲ್ಲಾ, ಬಿಸ್ಲು ಜಾಸ್ತಿ ಅಲ್ವಾ ಅದ್ಕೆ" ಅಂದ. ಬೆಳಗಿನಿಂದ ಜಡಿಮಳೆ ಹಿಡಿದಿತ್ತು. ಗಾಡಿ ಬಂದ ದಾರಿಯಲ್ಲೇ ಖಾಲಿ ವಾಪಸ್ ಹೋಯಿತು.

ಕೈ ನೋಡಿ ಒಪ್ಪಿದವರು

ನಾಲ್ಕು ವರ್ಷ ಕಳೆಯಿತು. ರಾವಂದೂರಿನಿಂದ ಹೆಣ್ಣು ನೋಡಲು ಬಂದರು. ಹುಡುಗ, ಅವನ ಸೋದರತ್ತೆ, ಜೊತೆಗೆ ಮದುವೆ ಬ್ರೋಕರ್. ಅವ್ವ ನನಗೆ ಉದ್ದ ತೋಳಿನ ರವಿಕೆ ತೊಡಿಸಿ, "ಅಂಗೈ ತೋರುಸ್ಬ್ಯಾಡ ಕಣಮ್ಮಿ, ಜಡ್ಡು ಕಂಡ್ರೆ ಎದ್ದೋಯ್ತಾರೆ" ಎಂದು ಎಚ್ಚರಿಸಿದ್ದಳು.

ಆ ಸೋದರತ್ತೆ ಬಿಡುವ ಪೈಕಿಯಲ್ಲ. ಕಾಫಿ ಲೋಟ ತೆಗೆದುಕೊಳ್ಳುವ ನೆಪದಲ್ಲಿ ನನ್ನ ಕೈ ಹಿಡಿದು ತಿರುಗಿಸಿದರು. ಅಂಗೈ ತುಂಬ ಜಡ್ಡು.

"ಅಯ್ ನಮ್ಮವ್ವ! ಗೇಯೋ ಕೈ ಅಂದ್ರೆ ಇದು ಕಣ್ರೋ!" ಅಂದರು ಸೋದರತ್ತೆ. "ಈಗಿನ್ ಉಡ್ಗೇರ್ ಕೈ ನೋಡಿ, ಬೆಣ್ಣೆ ಇದ್ದಂಗಿರ್ತವೆ. ನಮ್ಮನೆ ಆರು ಎಮ್ಮೇನೂ ಇವಳೊಬ್ಳೇ ನೋಡ್ಕತಾಳೆ ಬುಡಿ. ನಮ್ಗೆ ಒಪ್ಗೆ!"

ಅಪ್ಪನ ಮುಖ ಅರಳಿತು. ಬ್ರೋಕರ್ ಎಲೆ ಅಡಿಕೆ ತಟ್ಟೆ ತರಿಸಿಯೇಬಿಟ್ಟ. ಕಬ್ಬಿಣ ಹಿಡಿದು ನಾನೇ ಸಂಪಾದಿಸಿದ ಜಡ್ಡು ನನ್ನನ್ನು ಆರು ಎಮ್ಮೆಗಳ ಜೊತೆ ಏಳನೆಯದಾಗಿ ಕಟ್ಟಿಹಾಕುತ್ತಿತ್ತು! ಇನ್ನು ಸುಮ್ಮನಿದ್ದರೆ ಕೆಟ್ಟೆ ಅನ್ನಿಸಿತು.

"ಇದು ಗೇಯ್ದು ಬಂದಿದ್ದಲ್ಲ ಕಣವ್ವ, ಕಬ್ಣ ಎತ್ತಿ ಬಂದಿದ್ದು," ಅಂದೆ.

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ಹುಡುಗ ಮೊದಲ ಸಲ ಬಾಯಿಬಿಟ್ಟ. "ಎಷ್ಟು ಎತ್ತೀರಿ?"

"ನಿಮ್ ತೂಕ ಎಷ್ಟು?"

"ಐವತ್ತೆಂಟು."

ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ನಿಮ್ಮುನ್ನಾದ್ರೆ ಚಪ್ಪಲಿ ಸಮೇತ ತಲೆ ಮ್ಯಾಲಕ್ಕೆ ಎತ್ತೀನಿ" ಅಂದೆ.

ಹುಡುಗ ಸೋದರತ್ತೆಯ ಪಕ್ಕಕ್ಕೆ ಸರಿದು ಕೂತ. ಎರಡು ದಿನ ಬಿಟ್ಟು ಬ್ರೋಕರ್ ಸುದ್ದಿ ತಂದ. "ಸೋದರತ್ತೆಗೆ ಈಗ್ಲೂ ಒಪ್ಗೆಯಂತೆ. ಉಡ್ಗ ಮಾತ್ರ ಊರಲ್ಲಿಲ್ಲ."

ಬ್ಯಾರನ್‌ನಲ್ಲಿ ಬೆಂದದ್ದು

ಆ ಸುದ್ದಿ ಕೇಳಿದ ಮೇಲೆ ಅಪ್ಪ ಕರಾರು ಹಾಕಿದ. "ಈ ವರ್ಷ ಸ್ಟೇಟ್ ಪಂದ್ಯದಲ್ಲಿ ಫಸ್ಟ್ ಬಂದ್ರೆ ನಿನ್ ದಾರಿ ನಿಂದು. ಬರ್ಲಿಲ್ಲಾಂದ್ರೆ ಬ್ರೋಕರ್ ತೋರ್ಸಿದ್ ಗಂಡ್ಗೆ ಕತ್ತು ಬಗ್ಸಬೇಕು." ಆಯ್ತು ಅಂದೆ.

ಸ್ಟೇಟ್‌ಗೆ ಹೋಗಬೇಕಾದರೆ ಮೊದಲು ಎಚ್.ಡಿ. ಕೋಟೆಯಲ್ಲಿ ಜಿಲ್ಲಾ ಪಂದ್ಯ ಗೆಲ್ಲಬೇಕು. ನನ್ನದು ಐವತ್ಮೂರು ಕೆಜಿ ವಿಭಾಗ. ಒಂದು ಗ್ರಾಂ ಹೆಚ್ಚಾದರೂ ವಾಪಸ್. ನಮ್ಮೂರಲ್ಲಿ ಆಳು ನಿಂತು ತೂಗುವಂಥದ್ದು ಅಂದರೆ ಹೊಗೆಸೊಪ್ಪಿನ ಬೇಲ್ ತೂಗುವ ತಕ್ಕಡಿ. ಪಂದ್ಯದ ಹಿಂದಿನ ದಿನ ಅದರ ಮೇಲೆ ಹತ್ತಿದೆ. ಒಂದೂವರೆ ಕೆಜಿ ಹೆಚ್ಚು! ತೂಗುವವರು ನನ್ನ ಮುಖ ನೋಡಿ, "ತ್ಯಾವ ಜಾಸ್ತಿ ಐತೆ ಕಣವ್ವ. ಬೇಲಾಗಿದ್ರೆ ಒಣಗಿಸ್ಕಂಡ್ ಬಾ ಅಂತಿದ್ದೆ" ಅಂದರು.

ಅವರು ತಮಾಷೆಗೆ ಅಂದದ್ದು. ನಾನು ನೆಟ್ಟಗೆ ಮನೆಗೆ ಬಂದು, ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್‌ಗೆ ಹೊಕ್ಕೆ. ಬೆಂಕಿ ಆರಿಸಿ ಸ್ವಲ್ಪ ಹೊತ್ತಾಗಿತ್ತು, ಒಳಗೆ ಇನ್ನೂ ಧಗೆ. ಮೈತುಂಬ ಕಂಬಳಿ ಹೊದ್ದು, ತೂಗುವ ಸೊಪ್ಪಿನ ಕೆಳಗೆ ಕೂತೆ. ಬೆವರು ಧಾರಾಕಾರ.

ಅಷ್ಟರಲ್ಲಿ ಅಪ್ಪ ಸೊಪ್ಪಿನ ಬಣ್ಣ ನೋಡಲು ಬಾಗಿಲು ತೆಗೆದ. ಮೇಲೆಲ್ಲ ಚಿನ್ನದ ಬಣ್ಣದ ಸೊಪ್ಪು, ಕೆಳಗೆ ಕಂಬಳಿಯೊಳಗೆ ಮಗಳ ಮೋರೆ.

"ಏನಮ್ಮೀ ಇದು!"

"ಇನ್ನರ್ಧ ಕೆಜಿ ಇಳೀಬೇಕು ಕಣಪ್ಪ. ಬಾಗ್ಲಾಕು, ಬಿಸಿ ಓಯ್ತದೆ!"

ಬಿಸಿ ಹೋಗುತ್ತದೆ ಅಂದರೆ ಹೊಗೆಸೊಪ್ಪು ಬೆಳೆಯುವವನ ಕೈ ತಡೆಯುವುದಿಲ್ಲ. ಅಪ್ಪ ದಡಾರನೆ ಬಾಗಿಲು ಹಾಕಿದ. ಆಮೇಲೆ ಜ್ಞಾನ ಬಂದು, ಹೊರಗೆ ನಿಂತು ಬೈಯಲು ಶುರು ಮಾಡಿದ. ಬಾಗಿಲು ಮಾತ್ರ ತೆಗೆಯಲಿಲ್ಲ.

ಮಾರನೆಯ ದಿನ ಕೋಟೆಯಲ್ಲಿ ಮುಳ್ಳು ಸರಿಯಾಗಿ ಐವತ್ಮೂರಕ್ಕೆ ನಿಂತಿತು. ತೂಕ ನೋಡುವ ಮೇಡಂ ಮೂಗು ಅರಳಿಸಿ, "ಏನಮ್ಮ, ಈ ವಯಸ್ಸಿಗೇ ಸಿಗರೇಟು ಸೇದ್ತೀಯಾ?" ಅಂದರು.

"ಇಲ್ಲ ಮೇಡಂ, ಅದ್ರ ಜೊತೆ ಬೆಂದು ಬಂದಿವ್ನಿ."

ಆ ವಾಸನೆಯಲ್ಲೇ ಜಿಲ್ಲೆ ಗೆದ್ದೆ.

ಅಜ್ಜಿ ಕೈ ಕೊಟ್ಟದ್ದು

ಸ್ಟೇಟ್ ಪಂದ್ಯ ಕೆ.ಆರ್. ನಗರದಲ್ಲಿ ನಡೆಯಿತು. ನಮ್ಮೂರಿಂದ ಒಂದು ಟೆಂಪೋ ಜನ ಬಂದಿದ್ದರು. ಅಪ್ಪ ಬ್ರೋಕರನ್ನೂ ಕೂರಿಸಿಕೊಂಡು ಬಂದಿದ್ದ, ನಾನು ಸೋತ ಕೂಡಲೇ ಮಾತು ಮುಗಿಸಲು. ಅಪ್ಪನ ತಾಯಿ, ನಮ್ಮಜ್ಜಿ, ನಾನು ಎತ್ತುವುದನ್ನು ಮೊದಲ ಬಾರಿಗೆ ನೋಡಲು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಕೊನೆಯ ಸುತ್ತಿನ ನಿಯಮ ಸರಳ. ಮೂರು ಅವಕಾಶ. ಭಾರವನ್ನು ತಲೆ ಮೇಲಕ್ಕೆ ಎತ್ತಿ, ತೀರ್ಪುಗಾರರು ಇಳಿಸು ಅನ್ನುವವರೆಗೆ ಅಲ್ಲಾಡದೆ ನಿಲ್ಲಬೇಕು. ಬೇರೆ ಯಾರೂ ಮುಟ್ಟಬಾರದು. ಗೆಲ್ಲಲು ನನಗೆ ಎಂಬತ್ತೈದು ಕೆಜಿ ಬೇಕಿತ್ತು. ಮೊದಲ ಸಲ ಭುಜದಿಂದಲೇ ಜಾರಿತು. ಅಪ್ಪ ಬ್ರೋಕರ್ ಕಡೆ ತಿರುಗಿದ್ದು ಕಾಣಿಸಿತು. ಮೈ ಉರಿದುಹೋಯಿತು.

ಎರಡನೆಯ ಸಲ ಎತ್ತಿಯೇಬಿಟ್ಟೆ. ಕೈ ನೆಟ್ಟಗೆ ಮೇಲೆ, ಕಾಲು ಗಟ್ಟಿ.

ನಮ್ಮ ಕಡೆ ತಲೆ ಮೇಲೆ ಹೊರೆ ಹೊತ್ತು ನಿಂತವರನ್ನು ಕಂಡರೆ, ಹತ್ತಿರ ಇದ್ದವರು ಓಡಿ ಹೋಗಿ ಕೈ ಕೊಟ್ಟು ಇಳಿಸಬೇಕು. ನೋಡಿಕೊಂಡು ಕೂತವರನ್ನು ಮನುಷ್ಯರು ಅನ್ನುವುದಿಲ್ಲ. ಅಜ್ಜಿ ನೋಡಿದಳು: ಮೊಮ್ಮಗಳು ಹೊತ್ತು ನಿಂತಿದ್ದಾಳೆ, ಒಬ್ಬರೂ ಏಳುತ್ತಿಲ್ಲ. "ತಡಿ ಮಗ, ಬಂದೆ!" ಅನ್ನುತ್ತಾ ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತಿ, ಬಾರ್‌ನ ಒಂದು ತುದಿ ಹಿಡಿದೇಬಿಟ್ಟಳು.

ಮೂರೂ ಕೆಂಪು ದೀಪ ಹತ್ತಿದವು. ಎತ್ತಿದ್ದು ಲೆಕ್ಕಕ್ಕಿಲ್ಲ.

ಅಜ್ಜಿ ಮೂರು ಜನ ತೀರ್ಪುಗಾರರ ಕಡೆ ತಿರುಗಿದಳು. "ಎಣ್ಣೆಂಗ್ಸು ಅಷ್ಟು ಭಾರ ಒತ್ಕಂಡ್ ನಿಂತವ್ಳೆ, ಗಟ್ಟಿಮುಟ್ಟಾಗಿ ಮೂರ್ ಜನ ಗಂಡಸ್ರು ಕುರ್ಚಿ ಮ್ಯಾಲೆ ಕುಂತ್ಕಂಡ್ ನೋಡ್ತಿದ್ದೀರಲ್ಲ, ನಾಚ್ಕೆ ಆಗಕಿಲ್ವಾ?"

ಅಷ್ಟರಲ್ಲಿ ಅಪ್ಪನೂ ಎದ್ದು ಬಂದ. ಅಜ್ಜಿಯನ್ನು ಕರೆದೊಯ್ಯಲು ಇರಬೇಕು ಅಂದುಕೊಂಡೆ. ಅವನು ನೇರ ತೀರ್ಪುಗಾರರ ಬಳಿ ಹೋಗಿ, "ಅವ್ಳು ಎತ್ತಿದ್ದನ್ನ ಊರೆಲ್ಲಾ ನೋಡೈತೆ ಸ್ವಾಮಿ! ಇಲ್ಲ ಅಂದ್ರೆ ಎಂಗೆ?" ಎಂದು ಜಗಳಕ್ಕೇ ನಿಂತ. ನಾನು ಸೋಲಲಿ ಎಂದು ಬ್ರೋಕರ್ ಸಮೇತ ಬಂದ ಮನುಷ್ಯ ಇವನೇನಾ ಎಂದು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ. ತೀರ್ಪುಗಾರರು, "ಇನ್ನೊಂದು ಅವಕಾಶ ಇದೆ ಯಜಮಾನ್ರೇ, ನಿಮ್ಮ ತಾಯೀನ ಹಿಡ್ಕೊಳಿ ಸಾಕು" ಅಂದರು.

ಮೂರನೆಯ ಸಲ. ಎತ್ತಿದೆ. ಅಲ್ಲಾಡದೆ ನಿಂತೆ. ಅಜ್ಜಿ ಕೊಸರಾಡುತ್ತಿದ್ದಳು. ಅವಳ ರಟ್ಟೆ ಹಿಡಿದುಕೊಂಡೇ ಅಪ್ಪ ಇಡೀ ಸಭೆಗೆ ಕೂಗಿದ. "ಯಾರೂ ಮುಟ್ಬ್ಯಾಡಿ! ಅವ್ಳೇ ಎತ್ತವ್ಳೆ, ಅವ್ಳೇ ಇಳಿಸ್ತಾಳೆ!"

ನನಗೆ ಕಣ್ಣು ತುಂಬಿ ಬಂತು. ಎರಡು ಕೈಯೂ ಮೇಲಿದ್ದವು, ಒರೆಸಿಕೊಳ್ಳಲಾಗಲಿಲ್ಲ. ಮಂಜು ಮಂಜಾಗಿ ಎದುರಿಗೆ ನೋಡಿದರೆ ಮೂರೂ ತೀರ್ಪುಗಾರರು ಕುರ್ಚಿ ಬಿಟ್ಟು ಎದ್ದು ನಿಂತಿದ್ದಾರೆ. ಹಾಗೆ ನಿಲ್ಲಬೇಕೆಂದು ಯಾವ ನಿಯಮದಲ್ಲೂ ಇಲ್ಲ, ಅಜ್ಜಿಯ ಭಯ. ಇಳಿಸು ಎಂದರು. ಇಳಿಸಿದೆ. ಮೂರು ಬಿಳಿ ದೀಪ. ಸ್ಟೇಟ್ ಫಸ್ಟ್.

ಜನ ಕೂಗಾಡುತ್ತಿರುವಾಗಲೇ ಅಪ್ಪ ವೇದಿಕೆಗೆ ಬಂದ. ಹೊಗಳಲು ಬಾಯಿ ಬಾರದೆ, "ಇದ್ರಲ್ಲೇನೈತೆ ಅಂತಾದ್ದು" ಅನ್ನುತ್ತಾ ಪಂಚೆ ಎತ್ತಿ ಕಟ್ಟಿ ಬಾರ್‌ಗೆ ಕೈ ಹಾಕಿದ. ಮೊಣಕಾಲಿನವರೆಗೆ ಬಂತು. ಅಲ್ಲೇ ನಿಂತಿತು. ಮೇಲಕ್ಕೆ ಹೋಗದು, ಕೆಳಗೆ ಬಿಡಲು ಮರ್ಯಾದೆ ಪ್ರಶ್ನೆ. ಅಪ್ಪನ ಮುಖ ಕೆಂಪಗಾಗಿ, ಕಣ್ಣು ಹೊರಗೆ ಬಂದವು. ಅಜ್ಜಿ ಅವನ ಪಕ್ಕ ನಿಂತು, ತೀರ್ಪುಗಾರರನ್ನು ಬಹಳ ವಿನಯದಿಂದ ಕೇಳಿದಳು. "ಈಗ್ಲಾದ್ರೂ ಕೈ ಕೊಡಬೌದಾ ಬುದ್ಧಿ?"

"ಕೊಡಿ ತಾಯಿ, ಬೇಗ ಕೊಡಿ!"

ಒಂದು ತುದಿ ಅಜ್ಜಿ, ಇನ್ನೊಂದು ತುದಿ ನಾನು ಹಿಡಿದು ಇಳಿಸಿದೆವು. ಅಪ್ಪ ಸೊಂಟದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತಾ ಬ್ರೋಕರನ್ನು ಹುಡುಕಿ ಕರೆದ.

"ಲೋ, ನಿನ್ ಪಟ್ಟೀಲಿರೋ ಗಂಡುಗಳ್ನೆಲ್ಲಾ ಇಲ್ಲಿಗ್ ಕರ್ಕಂಬಾ. ಇದ್ನ ಎತ್ತಿದೋನು ನನ್ ಮಗಳ್ನ ನೋಡಕ್ ಬರ್ಲಿ. ಎತ್ತಕ್ಕಾಗ್ದಿದ್ದೋನು ನನ್ ಪಕ್ಕದಲ್ಲಿ ಕುಂತ್ಕಂಡು ಚಪ್ಪಾಳೆ ತಟ್ಲಿ!"